ತಾರೀಖು ಹಾಕದ ಪರವಾನಿಗೆ

ಈ ವರ್ಷ ಜೂನಿನಲ್ಲಿ ಮಿರಗದ ಮಳೆ ಬಿದ್ದ ವಾರ, ಸಕ್ಕರೆ ಕಾಯಿಲೆಯ ಗುಳಿಗೆ ತರಲೆಂದು ನಾನು ನೌಕರಿ ಮಾಡಿದ ಸರಕಾರಿ ದವಾಖಾನೆಗೆ ಹೋಗಿದ್ದೆ. ಚೀಟಿ ಮಾಡಿಸುವ ಸಾಲಿನಲ್ಲಿ ನನ್ನ ಮುಂದೆ ಹತ್ತು ಹನ್ನೆರಡು ಜನ ಇದ್ದರು. ಅಷ್ಟರಲ್ಲಿ ಮೊಣಕಾಲಿನವರೆಗೆ ಎರೆಮಣ್ಣು ಮೆತ್ತಿದ ಇಬ್ಬರು ಗಂಡಸರು ಒಬ್ಬ ಮುದುಕಿಯನ್ನು ಎತ್ತಿಕೊಂಡು ಗೇಟಿನೊಳಗೆ ಓಡಿ ಬಂದರು.

"ಹಾವ್ರೀ, ಹಾವು! ದಾರಿ ಬಿಡ್ರಿ!" ಎಂದು ಕಾವಲುಗಾರ ಕೂಗಿದ.

ಸಾಲು ನಡುವೆ ಒಡೆದು ಎರಡಾಯಿತು. ಚೀಟಿ ಎಲ್ಲಿ ಎಂದು ಯಾರೂ ಕೇಳಲಿಲ್ಲ. ತುರ್ತು ಚಿಕಿತ್ಸೆಯ ಬಾಗಿಲು ತೆರೆಯಿತು, ಅವರು ಒಳಗೆ ಹೋದರು. ಅವರ ಕಾಲಿನಿಂದ ಉದುರಿದ ಹಸಿ ಮಣ್ಣಿನ ವಾಸನೆ ಮಾತ್ರ ಹೊರಗೆ ಉಳಿಯಿತು. ಸಾಲು ಬಿಟ್ಟು ಹೋಗಿ ಬೆಂಚಿನ ಮೇಲೆ ಕುಳಿತೆ.

"ಅಜ್ಜಾರ, ನಿಮ್ಮ ಪಾಳಿ ಹೋತಲ್ರಿ" ಎಂದ ಹಿಂದಿನವನು.

ಹೋಗಲಿ ಎಂದೆ.

ಆ ಬಾಗಿಲು ಹಾಗೆ ತೆರೆಯುವುದನ್ನು ಒಂದು ಇಡೀ ಮಳೆಗಾಲ ತಡೆದವನು ನಾನು. ಅದನ್ನು ಇಲ್ಲಿ ಬರೆಯುತ್ತೇನೆ. ದವಾಖಾನೆಯ ಹೆಸರು ಬರೆಯುವುದಿಲ್ಲ. ಅಲ್ಲಿ ಒಳ್ಳೆಯವರೂ ಕೆಲಸ ಮಾಡಿದ್ದಾರೆ, ಅವರಿಗೆ ನನ್ನ ಮಸಿ ಹತ್ತುವುದು ಬೇಡ.

ನಾನು ಮೆಟ್ರಿಕ್ ಪಾಸಾದವನು. ಹೆಬ್ಬಳ್ಳಿಯಿಂದ ಹುಬ್ಬಳ್ಳಿಗೆ ಬಂದು, ಗುಮಾಸ್ತನಾಗಿ ಸೇರಿ, ಗೋಪನಕೊಪ್ಪದಲ್ಲಿ ಮನೆ ಮಾಡಿಕೊಂಡು, ನಿವೃತ್ತಿಗೆ ಮೂರು ವರ್ಷ ಇರುವಾಗ ಕಚೇರಿಯ ಹಿರಿಯ ಗುಮಾಸ್ತನಾಗಿದ್ದೆ. ಹೊರಗಿನ ವಿದ್ಯಾರ್ಥಿಗಳು, ಸಂಶೋಧಕರು ವಾರ್ಡಿನೊಳಗೆ ಬಂದು ಕೆಲಸ ಮಾಡಬೇಕಾದರೆ ಅವರ ಅರ್ಜಿ ನನ್ನ ಮೇಜಿನ ಮೇಲಿಂದಲೇ ಹೋಗಬೇಕು. ಅಧೀಕ್ಷಕ ಸಾಹೇಬರು ಡಾಕ್ಟರು. ಅವರಿಗೆ ಕಾಗದ ಎಂದರೆ ತಲೆನೋವು. ನಾನು ತೋರಿಸಿದಲ್ಲಿ ಸಹಿ ಹಾಕುತ್ತಿದ್ದರು.

ನನಗೊಂದು ಪದ್ಧತಿ ಇತ್ತು. ಬೇಡವಾದ ಅರ್ಜಿಯನ್ನು ನಾನು ಎಂದೂ ತಿರಸ್ಕರಿಸುತ್ತಿರಲಿಲ್ಲ. ತಿರಸ್ಕರಿಸಿದರೆ ಮೇಲೆ ಹೋಗಿ ಕೇಳುತ್ತಾರೆ. ಒಂದು ಸಲಕ್ಕೆ ಒಂದೇ ತಕರಾರು ಹೇಳುತ್ತಿದ್ದೆ. ಹತ್ತು ಕೊರತೆ ಕಣ್ಣಿಗೆ ಬಿದ್ದರೂ ಇವತ್ತು ಒಂದು, ಅದನ್ನು ಸರಿಮಾಡಿಕೊಂಡು ಬಂದ ಮೇಲೆ ಇನ್ನೊಂದು. ಜನ ತಾವಾಗಿಯೇ ಬರುವುದನ್ನು ಬಿಡುತ್ತಿದ್ದರು. ನನ್ನ ದಫ್ತರದಲ್ಲಿ ಎಲ್ಲವೂ ಕಾಯಿದೆಯ ಪ್ರಕಾರವೇ ಇರುತ್ತಿತ್ತು. ಹೊಸ ಗುಮಾಸ್ತರಿಗೆ ಇದನ್ನು ನಾನು ಜಾಣತನವೆಂದು ಕಲಿಸಿದ್ದೇನೆ.

ಆ ವರ್ಷ ಮೇ ತಿಂಗಳ ಕೊನೆಗೆ ಸುಜಾತಾ ಎಂಬ ಹುಡುಗಿ ಬಂದಳು. ಇಪ್ಪತ್ತೇಳು ಇಪ್ಪತ್ತೆಂಟು ವಯಸ್ಸು, ತೆಳ್ಳನೆಯ ಮೈ, ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಸಾರ್ವಜನಿಕ ಆರೋಗ್ಯ ಓದಿ, ಧಾರವಾಡದಲ್ಲಿ ಪಿಎಚ್‌ಡಿಗೆ ಸೇರಿದ್ದಳು. ಹೊಲದಲ್ಲಿ ಹಾವು ಕಡಿದವರು ಸೂಜಿ ಸಿಗುವವರೆಗೆ ಎಲ್ಲೆಲ್ಲಿ ನಿಲ್ಲುತ್ತಾರೆ, ಪ್ರತಿ ಕಡೆ ಎಷ್ಟು ಹೊತ್ತು ಹೋಗುತ್ತದೆ ಎಂದು ಬರೆದುಕೊಳ್ಳುವುದು ಅವಳ ಕೆಲಸ. ಅದಕ್ಕಾಗಿ ಮಳೆಗಾಲ ಮುಗಿಯುವವರೆಗೆ ತುರ್ತು ಚಿಕಿತ್ಸೆಯ ಬಾಗಿಲಲ್ಲಿ ಒಂದು ಕುರ್ಚಿ ಬೇಕಿತ್ತು.

"ಬಿತ್ತಿಗಿ ಚಾಲೂ ಆದ ಕೂಡ್ಲೆ ಬರಾಕ ಹತ್ತತಾರ್ರಿ" ಎಂದಳು. "ಕಳೇವು ತೆಗಿಯೂ ಮುಂದ, ಹೆಸರುಕಾಯಿ ಬಿಡಿಸೂ ಮುಂದ ಭಾಳ. ದೀಪಾವಳಿ ಹೊತ್ತಿಗೆ ಕಡಿಮಿ ಆಗಿಬಿಡತಾರ. ಅದಕ್ಕ ಲಗೂ ಆದ್ರ ಛಲೋ ಆಕ್ಕಿತ್ರಿ."

"ನಮ್ಮ ದವಾಖಾನ್ಯಾಗ ಏನ ನೋಡ್ತೀರಿ?"

"ಗೇಟಿನಿಂದ ಸೂಜಿ ಮಟಾ ಎಷ್ಟು ಹೊತ್ತು ಅಂತ್ರಿ."

ಅಂದರೆ ನಮ್ಮ ಗಡಿಯಾರವನ್ನು ಹಿಡಿದು ನಮ್ಮನ್ನೇ ಅಳೆಯಲು ಬಂದಿದ್ದಾಳೆ. ಆಗ ನಮ್ಮಲ್ಲಿ ಮೊದಲು ಚೀಟಿ, ಆಮೇಲೆ ಡಾಕ್ಟರು. ಹಾವು ಕಡಿದವರ ಕಡೆಯವರೂ ಸಾಲಿನಲ್ಲಿ ನಿಂತು ಚೀಟಿ ಮಾಡಿಸಬೇಕಿತ್ತು. ಆ ಸಾಲು ನನ್ನ ಕಚೇರಿಯ ಕಿಟಕಿಯ ಕೆಳಗೇ ಇತ್ತು.

ಕೆಲವು ವರ್ಷದ ಹಿಂದೆ ಒಬ್ಬ ವಿದ್ಯಾರ್ಥಿ ಒಂದೇ ಮಂಚದ ಮೇಲೆ ಮಲಗಿದ್ದ ಇಬ್ಬರು ಬಾಣಂತಿಯರ ಫೋಟೋ ತೆಗೆದಿದ್ದ. ಅದು ಪೇಪರಿನಲ್ಲಿ ಬಂದು ನಮಗೆಲ್ಲ ನೋಟೀಸು ಬಂದಿತ್ತು. ಸುಜಾತಾಳ ಫೈಲು ಯಾಕೆ ನಿಧಾನ ಎಂದು ಕೇಳಿದವರಿಗೆಲ್ಲ ನಾನು ಹೇಳಿದ ಕಾರಣ ಅದು. ಖರೇ ಕಾರಣ ಬೇರೆ ಇತ್ತು.

ಅರ್ಜಿಯ ಕೊನೆಯಲ್ಲಿ ಅವಳ ಮನೆಯ ವಿಳಾಸ ಇತ್ತು. ಹೆಬ್ಬಳ್ಳಿ, ಅದರ ಮೇಲೆ ಓಣಿಯ ಹೆಸರು. ಆ ಓಣಿಯವರು ಈಗ ಬೌದ್ಧರು. ನಾನು ಚಿಕ್ಕವನಿದ್ದಾಗ ಅವರನ್ನು ಊರು ಏನೆಂದು ಕರೆಯುತ್ತಿತ್ತೋ ಅದನ್ನು ನಾನೂ ಕರೆದಿದ್ದೇನೆ. ನಮ್ಮ ಮನೆಯಲ್ಲಿ ಅವರಿಗೆ ನೀರನ್ನು ಮೇಲಿನಿಂದ ಸುರಿಯುತ್ತಿದ್ದರು. ಅವಳ ತಂದೆ ಮತ್ತು ನಾನು ಒಂದೇ ವರ್ಷ ಮೆಟ್ರಿಕ್ ಪಾಸಾದವರು. ನಾನು ಅಲ್ಲಿಗೇ ನಿಂತೆ. ಆತ ಮುಂದೆ ಓದಿ ಸಾಲಿ ಮಾಸ್ತರನಾದ. ಈಗ ಅವನ ಮಗಳು ನನ್ನೆದುರಿನ ಕುರ್ಚಿಯಲ್ಲಿ ಕುಳಿತು ನನ್ನ ದವಾಖಾನೆಯನ್ನು ಅಳೆಯುತ್ತೇನೆ ಎನ್ನುತ್ತಿದ್ದಳು.

ಎರಡನೆಯ ಸಲ ಬಂದಾಗ ಅವಳ ಮುಖ ಅರಳಿತ್ತು.

"ಕಾಕಾರ, ನಮ್ಮಪ್ಪ ಹೇಳಿದ್ರು, ನೀವೂ ನಮ್ಮೂರಾವ್ರಂತಲ್ರಿ. ಇಬ್ಬರೂ ಒಂದ ಸಾಲ್ಯಾಗ ಓದೀರಂತ."

ಪಕ್ಕದ ಮೇಜಿನವರು ತಲೆ ಎತ್ತಿ ನೋಡಿದರು. ನಮ್ಮ ಕಡೆ ಊರಿನ ಹಿರಿಯರಿಗೆಲ್ಲ ಕಾಕಾ ಎನ್ನುತ್ತಾರೆ, ಅದರಲ್ಲಿ ವಿಶೇಷವೇನಿಲ್ಲ. ಆದರೆ ನನಗೆ ಮೈಗೆ ಕೆಂಡ ಬಿದ್ದ ಹಾಗಾಯಿತು.

"ಇಲ್ಲಿ ಯಾರಿಗೂ ಯಾರೂ ಕಾಕಾ ಅಲ್ಲ" ಎಂದೆ. "ಅರ್ಜಿ ಇಟ್ಟು ಹೋಗ್ರಿ."

ಅವಳು ಒಂದು ಕ್ಷಣ ನನ್ನನ್ನು ನೋಡಿದಳು. ಅವಳಿಗೆ ತಿಳಿಯಿತು ಎಂದು ನನಗೆ ಅವತ್ತೇ ತಿಳಿಯಿತು. "ಆತ್ರಿ, ಸರ್" ಎಂದಳು.

ಜೂನ್ ತಿಂಗಳು ನನ್ನ ಪದ್ಧತಿಯಲ್ಲಿ ಹೋಯಿತು. ಮೂರು ಪ್ರತಿ ಬೇಕು ಎಂದೆ, ತಂದಳು. ಮಾರ್ಗದರ್ಶಕರ ಸಹಿ ಪ್ರತಿ ಪುಟದ ಮೇಲೂ ಬೇಕು ಎಂದೆ. ರೋಗಿಗಳಿಂದ ಪಡೆಯುವ ಒಪ್ಪಿಗೆ ಪತ್ರ ಕನ್ನಡದಲ್ಲಿ ಬೇಕು ಎಂದೆ. ಅದು ಮೊದಲೇ ಇತ್ತು. ಹಾಗಾದರೆ ಇಂಗ್ಲಿಷಿನಲ್ಲಿಯೂ ಬೇಕು ಎಂದೆ. ಧಾರವಾಡದಿಂದ ಬಸ್ಸು ಹತ್ತಿ, ಮಳೆಯಲ್ಲಿ ತೊಯ್ದು, ಫೈಲನ್ನು ಮಾತ್ರ ಒಣಗಿಸಿಕೊಂಡು ಬರುತ್ತಿದ್ದಳು. ಬಂದವಳನ್ನು ಮಧ್ಯಾಹ್ನದವರೆಗೆ ಹೊರಗೆ ನಿಲ್ಲಿಸಿ ನಾನು ಚಹಾ ಕುಡಿಯುತ್ತಿದ್ದೆ. ಆದರೂ ಅವಳು ಬರುವುದನ್ನು ಬಿಡಲಿಲ್ಲ.

ಜುಲೈ ಮೊದಲ ವಾರ, ಇಂಥ ಅರ್ಜಿಗಳಿಗೆ ಒಪ್ಪಿಗೆ ಕೊಡುವ ನಮ್ಮ ಡಾಕ್ಟರುಗಳ ಸಮಿತಿ ಕೂಡಿತು. ಅವಳ ವಿಷಯವನ್ನು ಪಟ್ಟಿಯ ಕೊನೆಗೆ ಹಾಕಿದ್ದೆ, ಅಲ್ಲಿಯವರೆಗೆ ಡಾಕ್ಟರುಗಳು ಎದ್ದು ಹೋಗುತ್ತಾರೆ ಎಂದು. ಅವತ್ತು ಹೊರಗೆ ಜೋರು ಮಳೆ, ಯಾರೂ ಏಳಲಿಲ್ಲ. "ಛಲೋ ಕೆಲಸ, ನಮಗೂ ಉಪಯೋಗ" ಎಂದು ಹತ್ತು ನಿಮಿಷದಲ್ಲಿ ಒಪ್ಪಿದರು. ಆದೇಶ ಪತ್ರ ನಾನೇ ಬರೆದೆ, ಆದೇಶದ ತಾರೀಖಿನಿಂದ ಮೂರು ತಿಂಗಳು ಎಂದು. ಸಾಹೇಬರು ಸಹಿ ಹಾಕಿದರು.

ಸರಕಾರಿ ಕಚೇರಿಯಲ್ಲಿ ಸಹಿಯಾದರೆ ಕಾಗದ ಆದಂತಲ್ಲ. ತಾರೀಖಿನ ಜಾಗ ಖಾಲಿ ಇರುತ್ತದೆ. ಗುಮಾಸ್ತ ಅದನ್ನು ರವಾನೆ ವಿಭಾಗಕ್ಕೆ ಕೊಡಬೇಕು, ಅಲ್ಲಿ ನಂಬರು ಮತ್ತು ತಾರೀಖು ಬೀಳಬೇಕು. ಅಲ್ಲಿಯವರೆಗೆ ಅದು ಹುಟ್ಟಿಯೇ ಇಲ್ಲ. ನಾನು ಆ ಪತ್ರವನ್ನು ನನ್ನ ಮೇಜಿನ ಎರಡನೆಯ ಖಾನೆಯಲ್ಲಿಟ್ಟು ಕೀಲಿ ಹಾಕಿದೆ.

ಅವಳು ನೇರ ಸಾಹೇಬರನ್ನು ಕಂಡಳು. ಅವರು "ನಾ ಸಹಿ ಮಾಡೇನವಾ, ಆಫೀಸಿನ್ಯಾಗ ಕೇಳು" ಎಂದು ನನ್ನ ಕಡೆ ಕಳಿಸಿದರು.

"ಟಪಾಲಿನ್ಯಾಗ ಹೋಗೈತಿ" ಎಂದೆ.

"ಕೈಯಾಗ ಕೊಟ್ಟಿದ್ರ ಆಕ್ಕಿತ್ತಲ್ರಿ ಸರ್."

"ಕೈಯಾಗ ಕೊಡೂ ರೂಢಿ ಇಲ್ಲ."

ಹತ್ತು ದಿನ ಕಾದಳು. ಮತ್ತೆ ಬಂದಳು. ಬಂದಿಲ್ಲ ಎಂದಳು. ಬಟವಾಡೆ ಆಗಿಲ್ಲ ಎಂದು ಪೋಸ್ಟಿನವರಿಂದ ಬರೆಸಿಕೊಂಡು ಬರಬೇಕು ಎಂದೆ. ಅಂಥದನ್ನು ಯಾರೂ ಬರೆದುಕೊಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಯಾವ ಪೋಸ್ಟ್ ಮಾಸ್ತರನನ್ನು ಹೇಗೆ ಕಾಡಿದಳೋ, ನಾಲ್ಕು ದಿನಕ್ಕೆ ಬರೆಸಿಕೊಂಡೇ ಬಂದಳು. ಆಗ, ನಕಲು ಪ್ರತಿಗೆ ಬೇರೆ ಅರ್ಜಿ ಕೊಡಬೇಕು, ಅದು ಮುಂದಿನ ಸಮಿತಿಗೆ ಹೋಗಬೇಕು ಎಂದೆ.

ರವಾನೆ ವಿಭಾಗದಲ್ಲಿ ಶಾರದಕ್ಕ ಎಂಬ ಗುಮಾಸ್ತೆ ಇದ್ದರು. ಬಾಯಿ ಚುರುಕು. ಅವರ ಕೈ ದಾಟದೆ ಯಾವ ಪತ್ರವೂ ಹೊರಗೆ ಹೋಗುವುದಿಲ್ಲ, ಆದ್ದರಿಂದ ನನ್ನ ಸುಳ್ಳು ಅವರಿಗೆ ಮೊದಲ ದಿನವೇ ಗೊತ್ತಾಗಿತ್ತು.

"ಏನ್ರಿ ಮಲ್ಲಣ್ಣಾರ, ಖಾನ್ಯಾಗ ತತ್ತಿ ಇಟ್ಟು ಕಾವು ಕೊಡಾಕತ್ತೀರೇನು? ಯಾವಾಗ ಮರಿ ಆಕ್ಕೈತಿ ಹೇಳ್ರಿ, ಹೆಸರಿಡಾಕ ಬರತೇನಿ."

"ನಿಮ್ಮ ಮೇಜಿನ ಕೆಲಸ ನೀವು ನೋಡ್ರಿ."

"ನಾ ನೋಡತೇನಿ ಬಿಡ್ರಿ. ಆ ಹುಡುಗಿ ಮಾರಿ ನೋಡೂದ ಆಗವಲ್ದು."

ಅವರು ಸಾಹೇಬರವರೆಗೆ ಹೋಗಲಿಲ್ಲ. ನಾನು ಅವರ ಮೇಲಿನವನು.

ಆಗಸ್ಟ್ ತಿಂಗಳು ಬಂತು. ಹೆಸರು ಕಪ್ಪಾಗಿ, ಹೊಲಗಳಲ್ಲಿ ಹೆಂಗಸರು ಬಗ್ಗಿ ಕಾಯಿ ಬಿಡಿಸುವ ಕಾಲ. ಮಳೆ ಬಿಡುವು ಕೊಡದ ಒಂದು ದಿನ, ಹನ್ನೊಂದು ಗಂಟೆಗೆ, ನಾನು ಚಹಾಕ್ಕೆ ಹೊರಗೆ ಬಂದೆ. ಚೀಟಿಯ ಸಾಲು ಮೆಟ್ಟಿಲ ಕೆಳಗಿನವರೆಗೆ ಬೆಳೆದಿತ್ತು. ಸಾಲಿನ ನಡುವೆ ತಲೆಯ ಮೇಲೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡ ಒಬ್ಬ ಮುದುಕ ನಿಂತಿದ್ದ. ನನ್ನ ಶರ್ಟು, ಕಿಸೆಯ ಪೆನ್ನು ನೋಡಿ ಕೈಮುಗಿದ.

"ಸಾಹೇಬ್ರ, ನನ್ನ ಸೊಸಿಗಿ ಹಾವು ಮುಟ್ಟೈತ್ರಿ. ಟಂಟಂ ಗಾಡ್ಯಾಗ ಮಲಗಸೇನ್ರಿ. ಮುಂದ ಬಿಡಸ್ರಿ, ನಿಮ್ಮ ಕಾಲಿಗೆ ಬೀಳತೇನಿ."

"ಸಾಲಿನ್ಯಾಗ ಬರ್ರಿ. ಎಲ್ಲಾರೂ ಬ್ಯಾನಿ ಇದ್ದಾವರ" ಎಂದೆ. ದಿನಕ್ಕೆ ಹತ್ತು ಸಲ ಹೇಳುವ ಮಾತು, ನಾಲಿಗೆಗೆ ತಾನಾಗಿ ಬಂತು. ಮುದುಕ ಸಾಲು ಬಿಡಲಿಲ್ಲ. ಬಿಟ್ಟರೆ ಜಾಗ ಹೋಗುತ್ತದೆ ಎಂದು ಹೆದರಿದ್ದ.

ಅವತ್ತು ಸುಜಾತಾ ನಕಲು ಪ್ರತಿ ಕೇಳಲು ಬಂದಿದ್ದಳು. ಮುದುಕನ ಮಾತು ಕೇಳಿ, ಫೈಲನ್ನು ಬಗಲಲ್ಲಿ ಒತ್ತಿಕೊಂಡು ಮಳೆಯಲ್ಲಿಯೇ ಟಂಟಂ ಕಡೆ ಓಡಿದಳು. ಅದರಲ್ಲಿ ಇಪ್ಪತ್ತರ ಆಸುಪಾಸಿನ ಹೆಣ್ಣುಮಗಳು ಮಲಗಿದ್ದಳು, ಪಾದ ಊದಿ ಕಪ್ಪಾಗಿತ್ತು, ಒಸಡಿನಿಂದ ರಕ್ತ ಒಸರುತ್ತಿತ್ತು. ಸುಜಾತಾ ಮತ್ತು ಟಂಟಂ ಚಾಲಕ ಅವಳನ್ನು ಎತ್ತಿಕೊಂಡು ತುರ್ತು ಚಿಕಿತ್ಸೆಯ ಬಾಗಿಲಿಗೆ ಬಂದರು. ಕಾವಲುಗಾರ ಕೈ ಅಡ್ಡ ಹಾಕಿದ.

"ಚೀಟಿ ಎಲ್ಲೈತ್ರಿ?"

"ಮಾಡಸಾಕತ್ತಾರ. ಮೊದಲ ಒಳಗ ತಗೋರಿ. ಕೊಳಕಮಂಡಲ ಹಾವು ಕಡದೈತಿ, ಹೊತ್ತು ಆದ್ರ ಕಿಡ್ನಿ ಹೋಗತಾವು."

"ನೀವ ಯಾರ್ರಿ? ಪೇಷಂಟ್ ಕಡೆಯವರೇನು?"

"ಅಲ್ಲ. ಸಂಶೋಧನಾಕ್ಕ ಬಂದೇನಿ."

ಕಾವಲುಗಾರ ನನ್ನ ಕಡೆ ತಿರುಗಿದ. "ಸಾಹೇಬ್ರ, ಇವರಿಗೆ ಪರವಾನಿಗಿ ಐತೇನ್ರಿ?"

ಸಹಿಯಾದ ಪತ್ರ ಖಾನೆಯಲ್ಲಿತ್ತು, ಅದರ ಕೀಲಿ ನನ್ನ ಪ್ಯಾಂಟಿನ ಕಿಸೆಯಲ್ಲಿತ್ತು. ನಾನು "ಇಲ್ಲ" ಎಂದೆ. ಒಂದೇ ಮಾತಿಗೆ ನಿಲ್ಲಲಿಲ್ಲ. "ಇವರಿಗೆ ಒಳಗ ಹೋಗಾಕ ಪರವಾನಿಗಿ ಇಲ್ಲ. ಹೊರಗ ಕಳಸ್ರಿ" ಎಂದೆ.

ಸುಜಾತಾ ಆ ಹೆಣ್ಣುಮಗಳ ತಲೆಯನ್ನು ಬೆಂಚಿನ ಮೇಲೆ ತನ್ನ ಫೈಲು ಇಟ್ಟು ಅದರ ಮೇಲೆ ಒರಗಿಸಿದಳು. ಆಮೇಲೆ ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದಳು: "ನನಗ ಪರವಾನಿಗಿ ಇಲ್ರಿ, ಖರೇ. ನಾ ಹೋಗತೇನಿ. ಈಕಿಗೆ ಬೇಕಾಗಿಲ್ಲಲ್ಲ ಪರವಾನಿಗಿ? ಈಕಿನ್ನ ಒಳಗ ತಗೋರಿ."

ಯಾರೂ ಅಲುಗಾಡಲಿಲ್ಲ. ಮುದುಕ ಚೀಟಿ ಹಿಡಿದು ಓಡಿ ಬಂದ ಮೇಲೆಯೇ ಬಾಗಿಲು ತೆರೆಯಿತು. ನಡುವೆ ಎಷ್ಟು ಹೊತ್ತು ಹೋಯಿತು ಎಂದು ನಾನು ಹೇಳಲಾರೆ. ಕಾಲು ಗಂಟೆ ಇರಬಹುದು, ಅರ್ಧ ಗಂಟೆ ಇರಬಹುದು. ನಾನು ಚಹಾ ಕುಡಿದು ಬಂದಿದ್ದೆ.

ಆ ಹೆಣ್ಣುಮಗಳು ನಾಲ್ಕನೆಯ ದಿನ ತೀರಿಕೊಂಡಳು. ಹೊಲದಿಂದ ನಮ್ಮ ಗೇಟಿಗೆ ಬರುವಷ್ಟರಲ್ಲಿಯೇ ಬಹಳ ತಡವಾಗಿತ್ತು ಎಂದು ಡಾಕ್ಟರೊಬ್ಬರು ಅಧೀಕ್ಷಕ ಸಾಹೇಬರಿಗೆ ಹೇಳುತ್ತಿದ್ದುದನ್ನು ನಾನು ಕೇಳಿಸಿಕೊಂಡೆ. ನಮ್ಮ ಬಾಗಿಲಲ್ಲಿ ಹೋದ ಹೊತ್ತಿನಿಂದ ವ್ಯತ್ಯಾಸ ಆಯಿತೋ ಇಲ್ಲವೋ ಎಂದರೆ ಹೇಳಲಿಕ್ಕೆ ಬರುವುದಿಲ್ಲ ಎಂದರು. ಆ ಮಾತನ್ನು ನಾನು ಬಹಳ ವರ್ಷ ಆಸರೆಗೆ ಹಿಡಿದುಕೊಂಡಿದ್ದೆ. ಹೇಳಲಿಕ್ಕೆ ಬರುವಂತೆ ಮಾಡಲೆಂದೇ ಆ ಹುಡುಗಿ ಬಂದಿದ್ದಳು ಎಂಬುದನ್ನು ಬೇಕೆಂದೇ ಮರೆತಿದ್ದೆ.

ಶಾರದಕ್ಕ ಅವತ್ತಿನಿಂದ ನನ್ನೊಂದಿಗೆ ಕೆಲಸದ ಹೊರತು ಮಾತಾಡಲಿಲ್ಲ. ಡಬ್ಬಿಯ ಪಲ್ಯ ಹಂಚಿಕೊಳ್ಳುವುದನ್ನೂ ಬಿಟ್ಟರು. ಆದರೂ ನಾನು ಪತ್ರ ತೆಗೆಯಲಿಲ್ಲ. ಈಗ ತೆಗೆದರೆ ಇಷ್ಟು ದಿನ ಎಲ್ಲಿತ್ತು ಎಂಬ ಪ್ರಶ್ನೆ ಬರುತ್ತದೆ ಎಂಬ ಹೆದರಿಕೆಯೂ ಸೇರಿಕೊಂಡಿತ್ತು. ಹಠ ಮೊದಲಿನಿಂದ ಇತ್ತು, ಅದಕ್ಕೆ ಹೆದರಿಕೆಯ ಬಲ ಬಂತು.

ಅಕ್ಟೋಬರಿನಲ್ಲಿ ಆಕಾಶ ತಿಳಿಯಾಯಿತು. ಹೆಸರಿನ ಹೊಲ ಹರಗಿ, ಹಿಂಗಾರಿ ಜೋಳ ಬಿತ್ತುತ್ತಿದ್ದರು. ಆಗ ಪತ್ರವನ್ನು ಹೊರಗೆ ತೆಗೆದು ಶಾರದಕ್ಕನ ಮೇಜಿನ ಮೇಲಿಟ್ಟೆ. ಅವರು ಅವತ್ತಿನ ತಾರೀಖು ಹಾಕಿದರು. ಮೊದಲನೆಯದು ಕಳೆದಿದೆ, ಇದು ನಕಲು ಎಂದು ಸುಜಾತಾಳ ಕೈಗೆ ನಾನೇ ಕೊಟ್ಟೆ. ಕೈಯಲ್ಲಿ ಕೊಡುವ ರೂಢಿ ಅವತ್ತು ಬಂದಿತ್ತು. ಇಸಿದುಕೊಂಡದ್ದಕ್ಕೆ ಸಹಿ ಕೂಡ ಹಾಕಿಸಿಕೊಂಡೆ.

ಅವಳು ನಿಂತಲ್ಲಿಯೇ ಎರಡು ಸಲ ಓದಿದಳು.

"ಇನ್ನ ಮೂರು ತಿಂಗಳು ಅಂತ ಐತಿ. ಈಗ ಬಾಗಲ್ದಾಗ ಕುಂತು ಯಾರನ್ನ ಕೇಳಲ್ರಿ?"

"ಪರವಾನಿಗಿ ಕೇಳಿದ್ರಿ, ಕೊಟ್ಟೇವಿ."

"ನಿಮಗ ಸಮಾಧಾನ ಆತಲ್ರಿ?" ಎಂದಳು. ಅಷ್ಟೇ. ಪತ್ರವನ್ನು ಮಡಚದೆ ಹಾಗೆಯೇ ಹಿಡಿದುಕೊಂಡು ಹೋದಳು.

ಮರುವರ್ಷ ನನ್ನನ್ನು ಉಗ್ರಾಣ ವಿಭಾಗಕ್ಕೆ ಹಾಕಿದರು. ನನ್ನ ಜಾಗಕ್ಕೆ ಬಂದವನು ಅವಳ ಹೊಸ ಅರ್ಜಿಗೆ ನಾಲ್ಕು ದಿನದಲ್ಲಿ ತಾರೀಖು ಹಾಕಿಸಿದ. ಆ ಮಳೆಗಾಲ ಮತ್ತು ಅದರ ಮುಂದಿನ ಮಳೆಗಾಲ ಅವಳು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದನ್ನು ನಾನು ಉಗ್ರಾಣದ ಕಿಟಕಿಯಿಂದ ನೋಡುತ್ತಿದ್ದೆ. ನಾನು ನಿವೃತ್ತನಾದ ಮೇಲೆ ಅವಳ ವರದಿ ಸಾಹೇಬರ ಮುಂದೆ ಬಂತು. ಹೊಲದಿಂದ ಇಲ್ಲಿಯವರೆಗಿನ ಹೊತ್ತನ್ನು ಕಡಿಮೆ ಮಾಡುವುದು ಕಷ್ಟ, ಚೀಟಿಯ ಸಾಲಿನಲ್ಲಿ ಹೋಗುವ ಹೊತ್ತನ್ನು ನಾಳೆಯೇ ನಿಲ್ಲಿಸಬಹುದು ಎಂದು ಬರೆದಿದ್ದಳಂತೆ. ಆ ವಾರವೇ ಪದ್ಧತಿ ಬದಲಾಯಿತು. ಹಾವು ಕಡಿದವರು ನೇರ ಒಳಗೆ, ಚೀಟಿ ಆಮೇಲೆ. ಇದನ್ನು ನನಗೆ ಫೋನ್ ಮಾಡಿ ಹೇಳಿದವರು ಶಾರದಕ್ಕ. "ಒಂದು ವರ್ಷ ಮೊದಲ ಆಗಬೇಕಾಗಿತ್ತು" ಎಂದು ಹೇಳಿ ಫೋನ್ ಇಟ್ಟರು.

ಈ ಜೂನಿನಲ್ಲಿ ಬೆಂಚಿನ ಮೇಲೆ ಕುಳಿತಾಗ ಆ ಒಂದು ವರ್ಷ ನನ್ನ ಎದುರಿಗೆ ಬಂದು ನಿಂತಿತು. ನಾಲ್ಕು ದಿನ ಮನೆಯಲ್ಲಿ ಊಟ ಸೇರಲಿಲ್ಲ. ಐದನೆಯ ದಿನ ಧಾರವಾಡದ ಬಸ್ಸು ಹತ್ತಿದೆ.

ಸುಜಾತಾ ಈಗ ಅಲ್ಲಿ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಕೋಣೆಯ ಬಾಗಿಲಲ್ಲಿ ನಿಂತು ಹೆಸರು ಹೇಳಿದೆ. ಗುರುತು ಹಿಡಿದಳು. ಒಳಗೆ ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದೆ. ಪತ್ರ ಟಪಾಲಿಗೆ ಹೋಗಿರಲಿಲ್ಲ, ನನ್ನ ಖಾನೆಯಲ್ಲಿತ್ತು, ಅವತ್ತು ಆ ಹೆಣ್ಣುಮಗಳು ಬೆಂಚಿನ ಮೇಲಿದ್ದಾಗ ಕೂಡ ಅಲ್ಲಿಯೇ ಇತ್ತು ಎಂದೆ. ಹೇಳುತ್ತ ಅಳು ಬಂತು.

"ಅಳೂದಿದ್ರ ಹೊರಗ ಹೋಗಿ ಅತ್ತು ಬರ್ರಿ" ಎಂದಳು. "ನಾ ಕಾಯತೇನಿ."

ಕಣ್ಣು ಒರೆಸಿಕೊಂಡು ನಿಂತೆ.

"ಮೊದಲನೇ ವರ್ಷದ ಮಾಹಿತಿ ಯಾಕಿಲ್ಲ ಅನ್ನೂದಕ್ಕ, ಪರವಾನಿಗಿ ಟಪಾಲಿನ್ಯಾಗ ಕಳೀತು ಅಂತ ನನ್ನ ಪ್ರಬಂಧದಾಗ ಬರದೇನಿ. ನಿಮ್ಮ ಮಾತು ಬಿಟ್ರ ನನ್ನ ಕಡೆ ಬ್ಯಾರೆ ದಾಖಲೆ ಇರಲಿಲ್ಲ. ಅದು ಸುಳ್ಳಾತು. ತಿದ್ದಬೇಕು." ಎದುರಿನ ಕುರ್ಚಿ ತೋರಿಸಿದಳು. "ಕುಂದರ್ರಿ. ನೀವು ಹೇಳಿದ್ದನ್ನ ಬರಕೊಳ್ಳಾಕ ನಿಮ್ಮ ಒಪ್ಪಿಗಿ ಬೇಕು. ನಿಮ್ಮ ಹೆಸರು ಬರಿಯೂದಿಲ್ಲ. ಬ್ಯಾಡ ಅನಸಿದ್ರ ನಡುವ ಎದ್ದು ಹೋಗಬಹುದು, ನಾ ಏನೂ ಅನ್ನೂದಿಲ್ಲ. ಒಪ್ಪಿಗಿ ಐತೇನ್ರಿ?"

"ಐತಿ" ಎಂದೆ.

ಸಹಿಯಾದ ದಿನ ಕೇಳಿದಳು, ರವಾನೆಯಾದ ದಿನ ಕೇಳಿದಳು. ನೆನಪಿದ್ದಷ್ಟು ಹೇಳಿದೆ.

"ತಡೆದ ಕಾರಣ?"

"ಅದಕ್ಕೂ ಮೊದಲ ಪೇಪರಿನ್ಯಾಗ ಒಂದು ಸುದ್ದಿ ಬಂದಿತ್ತು..."

ಅವಳು ಪೆನ್ನನ್ನು ಕಾಗದದಿಂದ ಎತ್ತಿ ಹಿಡಿದಳು. "ಅದು ಅಲ್ಲ ಅಂತ ನಿಮಗೂ ಗೊತ್ತೈತಿ, ನನಗೂ ಗೊತ್ತೈತಿ."

"ಜಾತಿ" ಎಂದೆ.

"ಒಂದ ಶಬ್ದ ಬರದ್ರ ಓದಾವ್ರಿಗೆ ತಿಳಿಯೂದಿಲ್ರಿ. ಪೂರ್ತಿ ಹೇಳ್ರಿ."

ಅರವತ್ತೇಳು ವರ್ಷದಲ್ಲಿ ಬಾಯಿಬಿಟ್ಟು ಹೇಳದ ಮಾತನ್ನು ಹೇಳಿದೆ. ಅವಳು ಬರೆದುಕೊಂಡು, ಪಾಠ ಒಪ್ಪಿಸುವ ದನಿಯಲ್ಲಿ ತಿರುಗಿ ಓದಿದಳು: "ಅರ್ಜಿ ಕೊಟ್ಟಾಕಿ ನಮ್ಮೂರ ಕೆಳಗಿನ ಓಣ್ಯಾಕಿ ಅನ್ನೂದಕ್ಕ, ಸಹಿ ಆದ ಕಾಗದಾನ ನಾ ಮೂರು ತಿಂಗಳು ಮುಚ್ಚಿಟ್ಟೆ. ಸರಿ ಐತೇನ್ರಿ?"

"ಸರಿ ಐತ್ರಿ."

"ಆ ಮೂರು ತಿಂಗಳದಾಗ ಹಾವು ಮುಟ್ಟಿ ಎಷ್ಟು ಮಂದಿ ಆ ಸಾಲಿನ್ಯಾಗ ನಿಂತ್ರು?"

"ಗೊತ್ತಿಲ್ರಿ."

"ನನಗೂ ಗೊತ್ತಿಲ್ಲ" ಎಂದಳು. ಅದನ್ನೂ ಬರೆದುಕೊಂಡಳು.